ಹಬ್ಬದ ದಿನ ಜಗಳ ಬೇಡ ಅನ್ನುವವರಿಗೆ

"ಇವತ್ತು ಹಬ್ಬ ಕಣೇ, ಇವತ್ತೊಂದು ದಿನ ಬೇಡ."

ಈ ಮಾತು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ಯಾರಾದರೂ ಇದ್ದರೆ ಅವಳು ಈ ಪ್ರಬಂಧ ಓದಬೇಕಾಗಿಲ್ಲ, ಪುಟ ಮಗುಚಿ ಮುಂದಿನದಕ್ಕೆ ಹೋಗಬಹುದು. ನಾನಂತೂ ಕೇಳಿದ್ದೇನೆ. ಗೌರಿ ಹಬ್ಬಕ್ಕೆ ಕೇಳಿದ್ದೇನೆ, ದೀಪಾವಳಿಗೆ ಕೇಳಿದ್ದೇನೆ. ಬೇವು ಬೆಲ್ಲ ಎರಡನ್ನೂ ಸಮನಾಗಿ ತಿನ್ನಬೇಕೆಂದು ಉಪದೇಶ ಮಾಡುವ ಯುಗಾದಿಯ ದಿನವೂ ಕೇಳಿದ್ದೇನೆ. ಬೇವು ತಟ್ಟೆಯಲ್ಲಿದ್ದರೆ ಶುಭ, ಹೆಂಗಸಿನ ನಾಲಿಗೆಯ ಮೇಲಿದ್ದರೆ ಅಪಶಕುನ!

ಅದೇ ಮಾತನ್ನು ನಾನೇ ಇನ್ನೊಬ್ಬಳಿಗೆ ಹೇಳಿದ್ದು 2023ರ ಡಿಸೆಂಬರ್ 25ರಂದು, ಲಂಡನ್ನಿನಲ್ಲಿ. ಹೇಳಿಸಿಕೊಂಡವಳು ನನ್ನ ಮಗಳು. ಆ ಹೊತ್ತಿಗೆ ಸರಿಯಾಗಿ ಕೋಣೆಯಲ್ಲಿ ಒಂದು ಹಾಡು ಮೊಳಗುತ್ತಿತ್ತು. ನಮ್ಮೂರಿನ ಮಹಿಳಾ ಸಮಾಜದ ಗೆಳತಿಯರು "ಥೂ, ಹಬ್ಬಕ್ಕೆ ಇಂಥ ಹಾಡೇ?" ಎಂದು ಮೂಗು ಮುರಿದ ಹಾಡು ಅದು. ಆ ಹಾಡಿನ ಪರವಾಗಿ ವಕಾಲತ್ತು ವಹಿಸಲೆಂದೇ ಇಂದು ಪೆನ್ನು ಹಿಡಿದಿದ್ದೇನೆ.

ನಾನು ಲಂಡನ್ನಿಗೆ ಹೋದದ್ದು ಮಗಳ ಬಾಣಂತನಕ್ಕೆ. ಕೊಬ್ಬರಿ, ಮೆಂತ್ಯ, ಒಣಶುಂಠಿ, ಅಂಟಿನುಂಡೆಗೆ ಬೇಕಾದ ಅಂಟು, ಎಲ್ಲ ಕಟ್ಟಿಕೊಂಡು ನವೆಂಬರ್ ಮೊದಲ ವಾರ ಅಲ್ಲಿ ಇಳಿದೆ. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುವ ಊರು. ಮಗುವಿಗೆ ಎಣ್ಣೆನೀರು, ಮಗಳಿಗೆ ಪಥ್ಯ ಮುಗಿದರೆ ನನಗೆ ಉಳಿದ ಜೊತೆ ರೇಡಿಯೋ ಒಂದೇ. ನವೆಂಬರ್ ಕಳೆಯುವ ಮೊದಲೇ ಅದರಲ್ಲಿ ಕ್ರಿಸ್‌ಮಸ್ ಹಾಡುಗಳು ಶುರು. ಅಂಗಡಿಗೆ ಹೋದರೂ ಅವೇ. ಗಂಟೆ, ಹಿಮ, ಜಾರುಬಂಡಿ, ಕೆಂಪು ಟೋಪಿಯ ತಾತ, ಎಲ್ಲರೂ ನಗುವವರೇ. ಹತ್ತು ದಿನ ಕೇಳುವಷ್ಟರಲ್ಲಿ, ಮದುವೆ ಮನೆಯಲ್ಲಿ ಎರಡನೇ ಸಲ ಪಾಯಸ ಬಡಿಸಿಕೊಂಡವರ ಹಾಗೆ ನನಗೆ ಬಾಯಿ ಕಟ್ಟಿತು.

ಆ ನವೆಂಬರ್ 30ರಂದು ಷೇನ್ ಮೆಗೋವನ್ ಎಂಬ ಐರಿಷ್ ಹಾಡುಗಾರ ತೀರಿಕೊಂಡ. ಡಿಸೆಂಬರ್ 8ರಂದು ಐರ್ಲೆಂಡಿನ ನೀನಾ ಎಂಬ ಊರಿನ ಚರ್ಚಿನಲ್ಲಿ ಅವನ ಅಂತ್ಯಕ್ರಿಯೆಯ ಪೂಜೆ ನಡೆದುದನ್ನು ಮಗಳು ಟಿ.ವಿ.ಯಲ್ಲಿ ನೋಡುತ್ತಿದ್ದಳು. ಶವಪೆಟ್ಟಿಗೆ ಮುಂದಿದೆ, ಪಾದ್ರಿಗಳು ನಿಂತಿದ್ದಾರೆ, ಗ್ಲೆನ್ ಹನ್ಸರ್ಡ್ ಮತ್ತು ಲೀಸಾ ಒ'ನೀಲ್ ಎಂಬ ಇಬ್ಬರು ಹಾಡುತ್ತಿದ್ದಾರೆ, ಸತ್ತವನ ಮನೆಯವರು ಎದ್ದು ಕುಣಿಯುತ್ತಿದ್ದಾರೆ! "ಏನೇ ಇದು, ಸಾವಿನ ಮನೆಯಲ್ಲಿ ಕುಣಿತ?" ಅಂದೆ. "ಅಮ್ಮ, ಅದು ಕ್ರಿಸ್‌ಮಸ್ ಹಾಡು. ಅದರಲ್ಲಿ ಗಂಡ ಹೆಂಡತಿ ವಾಚಾಮಗೋಚರವಾಗಿ ಬೈದಾಡ್ತಾರೆ" ಅಂದಳು. ಸಾವು, ಹಬ್ಬ, ಕುಣಿತ, ಬೈಗುಳ! ನಾಲ್ಕೂ ಒಂದೇ ಕಡೆ ಸೇರಿದ್ದನ್ನು ಕೇಳಿ ನಾನು ಮಗುವನ್ನು ಭುಜದ ಮೇಲೆ ಹಾಕಿಕೊಂಡು ಕುಳಿತುಬಿಟ್ಟೆ.

ಹಾಡಿನ ಹೆಸರು 'ಫೇರಿಟೇಲ್ ಆಫ್ ನ್ಯೂಯಾರ್ಕ್'. ಹಾಡಿದ್ದು 'ದಿ ಪೋಗ್ಸ್' ಎಂಬ ತಂಡ. 1982ರಲ್ಲಿ ಲಂಡನ್ನಿನಲ್ಲಿ ಕಟ್ಟಿದ್ದು, ಗಿಟಾರು ಡ್ರಮ್ಮುಗಳ ರಾಕ್ ಅಬ್ಬರಕ್ಕೆ ಐರಿಷ್ ಹಳ್ಳಿಗಾಡಿನ ಕೊಳಲು, ಅಕಾರ್ಡಿಯನ್ನುಗಳನ್ನು ಬೆರೆಸಿದ ಗುಂಪು. ತಂಡದ ಮೊದಲ ಹೆಸರು ಐರಿಷ್ ಭಾಷೆಯ ಒಂದು ಬೈಗುಳ. ಅದರ ಅರ್ಥವನ್ನು ನಾನಿಲ್ಲಿ ಬರೆದರೆ ಪ್ರಕಾಶಕರು ಹೊಡೆದುಹಾಕುತ್ತಾರೆ! ಮೆಗೋವನ್ ಹುಟ್ಟಿದ್ದು ಕೂಡ 1957ರ ಡಿಸೆಂಬರ್ 25ರಂದು, ಇಂಗ್ಲೆಂಡಿನ ಕೆಂಟ್‌ನಲ್ಲಿ, ಐರಿಷ್ ತಂದೆತಾಯಿಗೆ. ಹಾಡು ಹೊರಬಂದದ್ದು 1987ರ ನವೆಂಬರಿನಲ್ಲಿ. ಆ ವರ್ಷ ಐರ್ಲೆಂಡಿನಲ್ಲಿ ಮೊದಲ ಸ್ಥಾನ, ಬ್ರಿಟನ್ನಿನಲ್ಲಿ ಎರಡನೆಯದು. 2005ರಿಂದ ಈಚೆಗೆ ಡಿಸೆಂಬರ್ ಬಂತೆಂದರೆ ಸಾಕು, ಮತ್ತೆ ಜನಪ್ರಿಯ ಹಾಡುಗಳ ಪಟ್ಟಿ ಹತ್ತಿ ಕೂರುತ್ತದೆ.

ಕಥೆ ಹೀಗಿದೆ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ನ್ಯೂಯಾರ್ಕಿನ ಪೊಲೀಸ್ ಲಾಕಪ್ಪು. ಕುಡಿದು ಬಿದ್ದವರನ್ನು ಕೂಡಿಹಾಕುವ ಕೋಣೆ. ಅಲ್ಲಿ ಒಬ್ಬ ಮುದುಕ ಹಳೆಯ ಹಾಡು ಗುನುಗುತ್ತಾನೆ. ಅದನ್ನು ಕೇಳುತ್ತ ನಮ್ಮ ನಾಯಕನಿಗೆ ಅವಳ ನೆನಪು. ಇಬ್ಬರೂ ಬದುಕು ಅರಸಿ ಆ ಊರಿಗೆ ಬಂದ ಐರಿಷ್ ವಲಸಿಗರು. 1845ರಿಂದ ಬಿದ್ದ ಆಲೂಗಡ್ಡೆಯ ಬರದಲ್ಲಿ ಹತ್ತು ಲಕ್ಷ ಜನ ಸತ್ತು, ಅದಕ್ಕೂ ಹೆಚ್ಚು ಜನ ಊರು ಬಿಟ್ಟ ದೇಶ ಅದು. ಈ ಹಾಡು ಬಂದ 1980ರ ದಶಕದಲ್ಲೂ ಅಲ್ಲಿನ ಹುಡುಗ ಹುಡುಗಿಯರು ಕೆಲಸವಿಲ್ಲದೆ ಹಡಗು ವಿಮಾನ ಹತ್ತುತ್ತಲೇ ಇದ್ದರು. ಬಂದ ಹೊಸತರಲ್ಲಿ ಇವರಿಬ್ಬರೂ ಚೆಲುವರು, ಕುಣಿದವರು, ಮುತ್ತಿಟ್ಟವರು. ಆಮೇಲೆ ಕುಡಿತ, ಮಾದಕ ವಸ್ತು, ಜೂಜು. ನಿಧಾನವಾಗಿದ್ದ ಪಿಯಾನೋ ಓಟಕ್ಕೆ ಬೀಳುತ್ತದೆ, ಕೊಳಲು ಕುಣಿಯುತ್ತದೆ, ಆ ಕುಣಿತದ ಲಯದಲ್ಲೇ ಇಬ್ಬರೂ ಬೈದಾಡುತ್ತಾರೆ. ಈ ಹಬ್ಬವೇ ನಮ್ಮ ಕೊನೆಯದಾಗಲಿ ಎನ್ನುವಷ್ಟು ದೂರ ಹೋಗುತ್ತದೆ ಅವಳ ಸಿಟ್ಟು. ಪ್ರತಿ ಸಲವೂ ಜಗಳ ನಿಂತ ಕಡೆ ಪೊಲೀಸರ ಗಾಯನ ಮೇಳದ, ಕ್ರಿಸ್‌ಮಸ್ ಗಂಟೆಗಳ ಮಾತು ಬರುತ್ತದೆ. ತಮಾಷೆಯೆಂದರೆ ನ್ಯೂಯಾರ್ಕ್ ಪೊಲೀಸರಲ್ಲಿ ಅಂಥ ಗಾಯನ ಮೇಳವೇ ಇರಲಿಲ್ಲ. ಹಾಡಿನ ಚಿತ್ರೀಕರಣಕ್ಕೆ ಅವರ ಬ್ಯಾಗ್‌ಪೈಪ್ ವಾದ್ಯದವರನ್ನು ಕರೆಸಬೇಕಾಯಿತು!

ಹಾಡಿನಲ್ಲಿ ಕ್ರಿಸ್‌ಮಸ್ ಇರುವುದು ಇಷ್ಟೇ. ಹಿಂದಿನ ರಾತ್ರಿ, ಮರುದಿನದ ಗಂಟೆ, ಪ್ರೀತಿಯಲ್ಲಿ ಒಂದು, ಸಿಟ್ಟಿನಲ್ಲಿ ಒಂದು ಶುಭಾಶಯ. ಏಸು ಇಲ್ಲ, ಮರಿಯಮ್ಮ ಇಲ್ಲ, ತಾರೆ ಇಲ್ಲ. "ಇದು ಕ್ರಿಸ್‌ಮಸ್ ಹಾಡು ಹೇಗಾಗುತ್ತೆ ಹೇಳು?" ಎಂದು ಊರಿಗೆ ಮರಳಿದ ಮೇಲೆ ನಮ್ಮ ಸಮಾಜದ ಕಾರ್ಯದರ್ಶಿ ಕೇಳಿದರು. ಹೇಳುತ್ತೇನೆ ಕೇಳಿ.

ಕ್ರಿಸ್‌ಮಸ್ಸಿನ ಕಥೆ ಏನು? ದುಡ್ಡಿಲ್ಲದ, ಊರು ಬಿಟ್ಟು ಬಂದ ಒಂದು ಜೋಡಿ. ದಿನ ತುಂಬಿದ ಹೆಂಗಸು. ಛತ್ರದಲ್ಲಿ ಜಾಗವಿಲ್ಲ. ಮಗುವನ್ನು ಮಲಗಿಸಿದ್ದು ದನ ಮೇಯುವ ಗೋದಲಿಯಲ್ಲಿ. ಬಾಗಿಲ ಹೊರಗೆ ಉಳಿದವರ ಕಥೆ ಅದು. ಹಾಗಿದ್ದರೆ ಕುಡುಕರ ಲಾಕಪ್ಪು ಆ ಗೋದಲಿಗೆ ಹತ್ತಿರವೋ, ಲಂಡನ್ನಿನ ಅಂಗಡಿ ಬೀದಿಯ ದೀಪಾಲಂಕಾರ ಹತ್ತಿರವೋ? ಹಬ್ಬದ ದಿನ ಯಾರಿಗೆ ಹಬ್ಬವಿಲ್ಲವೋ ಅವರನ್ನು ನೆನೆಯುವುದು ಆ ಹಬ್ಬಕ್ಕೆ ಮಾಡುವ ಅವಮಾನವಲ್ಲ.

ಇದನ್ನು ಮಾಡಿದ್ದು ಪೋಗ್ಸ್ ಒಂದೇ ಅಲ್ಲ. 1977ರಲ್ಲಿ 'ದಿ ಕಿಂಕ್ಸ್' ಎಂಬ ಇಂಗ್ಲಿಷ್ ರಾಕ್ ತಂಡ ಬರೆದ ಹಾಡಿನಲ್ಲಿ ಬಡ ಹುಡುಗರು ಅಂಗಡಿಯ ಮುಂದಿನ ಸಾಂತಾ ತಾತನನ್ನೇ ಅಡ್ಡಗಟ್ಟುತ್ತಾರೆ. ಆಟಿಕೆ ಬೇಡ, ದುಡ್ಡು ಕೊಡು ಎನ್ನುತ್ತಾರೆ, ಅಪ್ಪನಿಗೊಂದು ಕೆಲಸ ಕೊಡಿಸು ಎನ್ನುತ್ತಾರೆ. ಆ ಹಾಡೂ ಒರಟೇ. ಈಗ ಇನ್ನೊಂದು ಕಡೆ ನೋಡಿ. 1984ರಲ್ಲಿ ಬಾಬ್ ಗೆಲ್ಡಾಫ್ ಮತ್ತು ಮಿಜ್ ಯೂರ್ ಇಥಿಯೋಪಿಯದ ಬರಕ್ಕೆ ಹಣ ಕೂಡಿಸಲು ಹಾಡು ಕಟ್ಟಿದರು. ಹಣವೂ ಬಂತು, ಅದು ಒಳ್ಳೆಯದೇ. ಹಾಡಿನಲ್ಲಿ ಕೆಟ್ಟ ಪದ ಹುಡುಕಿದರೂ ಸಿಗದು. ಆದರೆ ಪಾಪ, ಅವರಿಗೆ ಕ್ರಿಸ್‌ಮಸ್ ಬಂದದ್ದಾದರೂ ಗೊತ್ತೇ ಎಂದು ಮರುಗುತ್ತದೆ ಆ ಹಾಡು. ಇಥಿಯೋಪಿಯ ನಾಲ್ಕನೇ ಶತಮಾನದಿಂದಲೂ ಕ್ರೈಸ್ತ ದೇಶ! ಅವರ ಕ್ರಿಸ್‌ಮಸ್ ಬರುವುದು ಜನವರಿ 7ಕ್ಕೆ. ಒಂದೂ ಬೈಗುಳವಿಲ್ಲದೆ ಇಡೀ ಒಂದು ದೇಶವನ್ನು ಸಣ್ಣದು ಮಾಡಬಹುದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮಾತು ಮೃದುವಾಗಿದ್ದರೆ ಸಾಕು, ಒಳಗಿನ ಮುಳ್ಳನ್ನು ಯಾರೂ ಎಣಿಸುವುದಿಲ್ಲ. ಇದು ಸೊಸೆಯಾಗಿ ಬಾಳಿದ ಯಾವ ಹೆಂಗಸಿಗೆ ಗೊತ್ತಿಲ್ಲ?

ನನ್ನ ಗೆಳತಿಯರ ಎರಡನೇ ಆಕ್ಷೇಪಣೆ ಬೈಗುಳದ್ದು. ಅದನ್ನು ತಳ್ಳಿಹಾಕಲಾರೆ. ಸಿಟ್ಟಿನಲ್ಲಿ ಅವಳು ಅವನಿಗೆ ಅನ್ನುವ ಒಂದು ಪದ ಸಲಿಂಗಿಗಳನ್ನು ಹೀನಾಯ ಮಾಡುವಂಥದ್ದು. ಅವನು ಅವಳಿಗೆ ಅನ್ನುವ ಒಂದು ಪದ, ಗಂಡಸರು ನಮ್ಮ ನಡತೆಯ ಮೇಲೆ ಎಸೆಯುವ ಅದೇ ಹಳೆಯ ಕೆಸರು. 2007ರ ಡಿಸೆಂಬರ್ 18ರಂದು ಬಿಬಿಸಿಯ ರೇಡಿಯೋ ಒನ್ ಆ ಎರಡೂ ಪದಗಳನ್ನು ಅಳಿಸಿ ಹಾಡು ಹಾಕಿತು. ಕೇಳುಗರು ಗಲಾಟೆ ಎಬ್ಬಿಸಿದರು, ಆ ಸಂಜೆಯೇ ನಿರ್ಧಾರ ಹಿಂದಕ್ಕೆ ಹೋಯಿತು. 2020ರಲ್ಲಿ ಮತ್ತೆ ತಿದ್ದಿದ ಹಾಡು ಹಾಕಿದರು. ನನ್ನನ್ನು ಕೇಳಿದರೆ, ಈ ಜಗಳಕ್ಕೆ ಸಂಬಂಧವೇ ಇಲ್ಲದ ಮೂರನೆಯವರಿಗೆ ನೋವು ಮಾಡುವ ಪದವನ್ನು ಬದಲಾಯಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಹೆಣ್ಣಿನ ಪಾಲು ಹಾಡಿದ ಕರ್ಸ್ಟಿ ಮೆಕಾಲ್ ತಾನೇ 1992ರಲ್ಲಿ ಟಿ.ವಿ.ಯಲ್ಲಿ ಹಾಡುವಾಗ ಆ ಪದ ಬಿಟ್ಟು ಬೇರೆ ಹಾಕಿದ್ದಳು. ಹಾಡಿಗೆ ಏನೂ ಆಗಲಿಲ್ಲ. ಆದರೆ ಪದ ತಿದ್ದುವುದು ಬೇರೆ, ಜಗಳ ತೆಗೆಯುವುದು ಬೇರೆ. ನನ್ನ ಗೆಳತಿಯರು ಕೇಳುತ್ತಿರುವುದು ಜಗಳವನ್ನೇ ತೆಗೆಯಿರಿ ಅಂತ. ಅದಕ್ಕೆ ನಾನು ಒಪ್ಪುವವಳಲ್ಲ.

ನಮ್ಮ ಮದುವೆ ಮನೆಗಳಲ್ಲಿ ಬೀಗರ ಹಾಡು ಹೇಳಿ ಬೀಗಿತ್ತಿಯ ಮಾನ ತೆಗೆಯುತ್ತಿದ್ದ ಅಜ್ಜಿಯರ ಮೊಮ್ಮಕ್ಕಳಲ್ಲವೇ ನಾವು? ಹೋಳಿಯ ದಿನ ಗಂಡಸರು ಬೀದಿಯಲ್ಲಿ ಬೊಬ್ಬೆ ಹಾಕಿ ಬೈದರೆ ಅದು ಸಂಪ್ರದಾಯ. ಹೆಂಗಸು ಮನೆಯೊಳಗೆ ನಿಂತು ತನ್ನ ಲೆಕ್ಕ ಕೇಳಿದರೆ ಮಾತ್ರ ಹಬ್ಬ ಕೆಡುತ್ತದೆಯೇ?

ಈ ಹಾಡು ಹುಟ್ಟಿದ್ದೇ ಹೆಂಗಸರಿಂದ ಎಂದರೆ ನೀವು ನಂಬಬೇಕು. ಮೆಗೋವನ್ ಜೊತೆ ಇದನ್ನು ಬರೆದವನು ತಂಡದ ಜೆಮ್ ಫೈನರ್. ಅವನು ಮೊದಲು ಬರೆದದ್ದು ಮನೆಯಿಂದ ದೂರವಿರುವ ಒಬ್ಬ ನಾವಿಕನ ಕಥೆ. ಅವನ ಹೆಂಡತಿ, ಕಲಾವಿದೆ ಮಾರ್ಷಿಯಾ ಫಾರ್ಕರ್, ಅದನ್ನು ಕೇಳಿ ಚೆನ್ನಾಗಿಲ್ಲ ಎಂದಳು. ಹಬ್ಬದ ಹೊತ್ತಿನಲ್ಲಿ ಕಷ್ಟಕ್ಕೆ ಸಿಕ್ಕಿ ಜಗಳವಾಡುವ ಜೋಡಿಯ ಎಳೆ ಕೊಟ್ಟವಳು ಅವಳೇ. ಈ ಮಾತನ್ನು ಫೈನರನೇ ಹೇಳಿದ್ದಾನೆ. ಆದರೆ ತಟ್ಟೆಯ ಮೇಲೆ ಬರೆದವರೆಂದು ಅಚ್ಚಾಗಿರುವುದು ಇಬ್ಬರು ಗಂಡಸರ ಹೆಸರು ಮಾತ್ರ. ಉಪ್ಪು ಕಮ್ಮಿಯಾಗಿದೆ ನೋಡು ಎಂದವಳ ಹೆಸರು ಅಡುಗೆಯಲ್ಲಿ ಬರುವುದಿಲ್ಲ ಅಲ್ಲವೇ, ಹಾಗೆ!

ಹೆಣ್ಣಿನ ಪಾಲನ್ನು ಮೊದಲು ಹಾಡಬೇಕಿದ್ದದ್ದು ತಂಡದಲ್ಲೇ ಬೇಸ್ ಗಿಟಾರು ನುಡಿಸುತ್ತಿದ್ದವಳು. 1986ರಲ್ಲಿ ಅವಳು ತಂಡ ಬಿಟ್ಟಳು. ಆಗ ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ಸ್ಟೀವ್ ಲಿಲಿವೈಟ್ ಟೇಪನ್ನು ಮನೆಗೆ ಒಯ್ದು ತನ್ನ ಹೆಂಡತಿ ಕರ್ಸ್ಟಿಯಿಂದ, ಮಾದರಿಗೆ ಇರಲಿ ಎಂದು, ಹಾಡಿಸಿ ತಂದ. ಕೇಳಿದ ಮೇಲೆ ಬೇರೆಯವಳನ್ನು ಹುಡುಕುವ ಮಾತೇ ಬರಲಿಲ್ಲ. ಅವಳ ದನಿಯಲ್ಲಿ ಅಳು ಇಲ್ಲ, ಗೋಗರೆತ ಇಲ್ಲ. ಸಂತೆಯಲ್ಲಿ ತೂಕ ಕಮ್ಮಿ ಕೊಟ್ಟವನ ಜೊತೆ ಮಾತಾಡುವ ಹಾಗೆ ನೆಟ್ಟಗೆ ನಿಂತು ಹಾಡುತ್ತಾಳೆ. ಆ ಕರ್ಸ್ಟಿ 2000ದ ಡಿಸೆಂಬರ್ 18ರಂದು ಮೆಕ್ಸಿಕೋದ ಕಡಲಲ್ಲಿ, ನುಗ್ಗಿ ಬಂದ ಮೋಟಾರು ದೋಣಿಯ ದಾರಿಯಿಂದ ಮಗನನ್ನು ದೂಡಿ ಉಳಿಸಿ ತಾನು ಸತ್ತಳು. ವಯಸ್ಸು 41. ಬಿಬಿಸಿ ಅವಳ ಬಾಯಿಂದ ಪದ ಕಿತ್ತದ್ದು ಅವಳು ಸತ್ತ ಏಳು ವರ್ಷಕ್ಕೆ, ಅದೇ ತಾರೀಕಿನಂದು. ಆ ದಿನ ವಿರೋಧಿಸಿದವರಲ್ಲಿ ಅವಳ ತಾಯಿಯೂ ಇದ್ದರು.

ಈಗ ಹಾಡಿನ ಕೊನೆಗೆ ಬರುತ್ತೇನೆ. ನನಗೆ ಜಗಳವಿರುವುದು ಅಲ್ಲೇ. ನಾನು ಏನೋ ಆಗಬಹುದಿತ್ತು ಎಂದು ಅವನು ಕೊರಗುತ್ತಾನೆ. ಅದು ಯಾರಿಗೆ ಬೇಕಾದರೂ ಆಗಬಹುದಿತ್ತು ಎಂದು ಅವಳು ಕತ್ತರಿಸುತ್ತಾಳೆ, ನನ್ನ ಕನಸನ್ನೆಲ್ಲ ನೀನು ತೆಗೆದುಕೊಂಡೆಯಲ್ಲ ಎನ್ನುತ್ತಾಳೆ. ಅದಕ್ಕೆ ಅವನು, ಕಳೆದಿಲ್ಲ, ನನ್ನವುಗಳ ಜೊತೆಗೇ ಜೋಪಾನವಾಗಿ ಇಟ್ಟಿದ್ದೇನೆ ಎಂಬರ್ಥದ ಉತ್ತರ ಕೊಡುತ್ತಾನೆ. ಇಲ್ಲಿ ಕೇಳುವವರ ಕಣ್ಣು ಒದ್ದೆಯಾಗುತ್ತದೆ. "ಎಷ್ಟು ರೊಮ್ಯಾಂಟಿಕ್ ಅಲ್ವಾ ಅಮ್ಮ?" ಅಂದಳು ಮಗಳು. ನನಗೆ ನೆನಪಾದದ್ದು ನಮ್ಮ ಮನೆಯ ಗಾಡ್ರೆಜ್ ಬೀರು.

1987, ಆ ಹಾಡು ಬಂದ ವರ್ಷವೇ. ನನ್ನ ಮದುವೆಯಾಗಿ ಎರಡು ವರ್ಷ. ಪ್ರೌಢಶಾಲೆಯ ಅಧ್ಯಾಪಕಿಯಾಗಿ ನೇಮಕದ ಆದೇಶ ಬಂತು, ಬೇರೆ ತಾಲ್ಲೂಕಿಗೆ. ಬಂದದ್ದು ದೀಪಾವಳಿಯ ಹಿಂದಿನ ದಿನ. ನೀರು ತುಂಬುವ ಹಬ್ಬದ ಸಂಜೆ, ಹಂಡೆಗೆ ಸುಣ್ಣ ಬಳಿಯುತ್ತ ನಾನು ವಿಷಯ ಎತ್ತಿದೆ. "ಮುತ್ತೈದೆ ಹಬ್ಬದ ದಿನ ವಾದ ಮಾಡಬಾರದು" ಅಂದರು ನಮ್ಮತ್ತೆ. ಯಜಮಾನರು ಕಾಗದ ಓದಿ, ಮಡಿಸಿ, ತಮ್ಮ ಪದವಿ ಪತ್ರಗಳ ಜೊತೆ ಬೀರುವಿನಲ್ಲಿಟ್ಟರು. "ಎಲ್ಲೂ ಹೋಗಲ್ಲ, ಜೋಪಾನವಾಗಿದೆ" ಅಂದರು. ನರಕ ಚತುರ್ದಶಿ ಮುಗಿಯಿತು, ಬಲಿಪಾಡ್ಯಮಿ ಮುಗಿಯಿತು, ಆಮೇಲೆ ನೆಂಟರು, ತುಳಸಿ ಪೂಜೆ. ಹಬ್ಬವಿಲ್ಲದ ದಿನ ಸಿಗುವಷ್ಟರಲ್ಲಿ ಕೆಲಸಕ್ಕೆ ಹಾಜರಾಗುವ ಗಡುವು ದಾಟಿತ್ತು. ಯಜಮಾನರು ಕೆಟ್ಟವರಲ್ಲ. ಒಂದು ದಿನ ಬೈದವರಲ್ಲ, ಹೊಡೆದವರಲ್ಲ. ಆ ಕಾಗದ ಈಗಲೂ ಬೀರುವಿನಲ್ಲಿದೆ, ಅವರ ಪತ್ರಗಳ ಜೊತೆಗೇ. ಆದ್ದರಿಂದ ಹೆಣ್ಣಿನ ಕನಸನ್ನು ಜೋಪಾನವಾಗಿಟ್ಟ ಗಂಡಸಿನ ಮಾತು ಕೇಳಿದರೆ ನನ್ನ ಕಣ್ಣು ಒದ್ದೆಯಾಗುವುದಿಲ್ಲ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಬೇಕೆನಿಸುತ್ತದೆ.

ಹಾಗೆಂದು ಹಾಡಿನ ಮೇಲೆ ನನಗೆ ಕೋಪವಿಲ್ಲ. ಅವನ ಕೈಯಲ್ಲೂ ಏನೂ ಉಳಿದಿಲ್ಲ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಇಬ್ಬರನ್ನು ರಾಜಿ ಮಾಡಿಸಿ ಮಂಗಳಾರತಿ ಎತ್ತುವುದೂ ಇಲ್ಲ. ಅವಳ ಪ್ರಶ್ನೆ ಗಂಟೆಯ ಸದ್ದಿಗಿಂತ ಗಟ್ಟಿಯಾಗಿ ಕೇಳುವ ಹಾಗೆ ಮಾಡುತ್ತದೆ. ಅಷ್ಟು ಸಾಕು.

ಡಿಸೆಂಬರ್ 25ಕ್ಕೆ ಮರಳುತ್ತೇನೆ. ಆ ದಿನ ಲಂಡನ್ನಿನಲ್ಲಿ ಬಸ್ಸಿಲ್ಲ, ರೈಲಿಲ್ಲ, ಊರಿಗೆ ಊರೇ ಬಾಗಿಲು ಹಾಕಿರುತ್ತದೆ. ಹಬ್ಬ ನಮ್ಮದಲ್ಲದಿದ್ದರೂ ರಜೆ ನಮ್ಮದೇ ತಾನೇ? ನಡೆದು ಬರುವಷ್ಟು ಹತ್ತಿರದಲ್ಲಿದ್ದ ಅಳಿಯಂದಿರ ಸ್ನೇಹಿತರಿಬ್ಬರನ್ನು ಊಟಕ್ಕೆ ಕರೆದಿದ್ದೆವು. ಬಿಸಿಬೇಳೆಬಾತು, ಆಂಬೊಡೆ, ಅವರು ತಂದ ಕೇಕು. ಅಳಿಯಂದಿರು ಖುಷಿಯಲ್ಲಿ, ತಮಗೆ ಮ್ಯಾಂಚೆಸ್ಟರಿಗೆ ಬಡ್ತಿಯಾಗಿದೆ, ಮಾರ್ಚಿನಲ್ಲಿ ಮನೆ ಬದಲಾಯಿಸುತ್ತೇವೆ ಎಂದರು. ಮಗಳಿಗೆ ಲಂಡನ್ನಿನಲ್ಲೇ ಒಳ್ಳೆಯ ಕೆಲಸವಿತ್ತು, ಹೆರಿಗೆ ರಜೆ ಮುಗಿಸಿ ಹಿಂತಿರುಗುವುದಾಗಿ ಹೇಳಿ ಬಂದಿದ್ದಳು. ಅವಳು ಸೌಟು ಕೆಳಗಿಟ್ಟು, "ನನ್ನ ಕೆಲಸ ಏನಾಗುತ್ತೆ ಅಂತ ಯಾರಾದರೂ ಕೇಳಿದಿರಾ?" ಅಂದಳು. ದನಿ ನಡುಗುತ್ತಿತ್ತು. ಫೋನಿನಲ್ಲಿ ಹಚ್ಚಿಟ್ಟ ಹಾಡುಗಳ ಸರದಿಯಲ್ಲಿ ಸರಿಯಾಗಿ ಆಗಲೇ ಕರ್ಸ್ಟಿ ಬೈಯಲು ಶುರು ಮಾಡಿದ್ದಳು. ನೆಂಟರ ಮುಂದೆ ಮನೆಯ ಮರ್ಯಾದೆ ಎಂದು ನನ್ನ ಹೊಟ್ಟೆ ತೊಳಸಿತು. ಬಾಯಿಂದ ಬಂದೇ ಬಿಟ್ಟಿತು: "ಇವತ್ತು ಹಬ್ಬ ಕಣೇ, ಇವತ್ತೊಂದು ದಿನ ಬೇಡ."

ಅದು ನಮ್ಮತ್ತೆಯ ದನಿ. ಅವರು ತೀರಿಕೊಂಡು ಹದಿನೈದು ವರ್ಷವಾಗಿತ್ತು, ಏಳು ಸಮುದ್ರ ದಾಟಿ ಬಂದು ನನ್ನ ಬಾಯೊಳಗೆ ಕೂತಿದ್ದರು. ಮಗಳು ಸೌಟು ಎತ್ತಿಕೊಂಡಳು, ಬಡಿಸಿದಳು. ಎಲ್ಲರೂ ಊಟ ಚೆನ್ನಾಗಿದೆ ಅಂದರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದವರು ಯಾರೋ, ಅಡುಗೆ ಮಾಡಿದವರಂತೂ ಅಲ್ಲ. ಉಂಡವನು ಮಲಗಬಹುದು. ಪಾತ್ರೆ ತೊಳೆದವಳಿಗೆ ಜಗಳ ಮುಗಿದಿರುವುದಿಲ್ಲ, ಮಾತು ಮುಗಿದಿರುತ್ತದೆ ಅಷ್ಟೆ. ಅವೆರಡೂ ಒಂದೇ ಎಂದು ತಿಳಿದು ನಾವು ಸಂಸಾರ ಮಾಡುತ್ತ ಬಂದಿದ್ದೇವೆ.

ರಾತ್ರಿ ನೆಂಟರು ಹೋದ ಮೇಲೆ ಮಗು ಮಲಗಿತು. ಅಳಿಯಂದಿರು ಅಲ್ಲೇ ಕೂತಿದ್ದರು. "ಮಧ್ಯಾಹ್ನ ನಾನು ತಡೆದದ್ದು ತಪ್ಪು. ಈಗ ಹೇಳು. ನೀವೂ ಕೂತು ಕೇಳಿ" ಅಂದೆ. ಅವಳು ಹೇಳಿದಳು. ಅವರೂ ಹೇಳಿದರು. ದನಿ ಏರಿತು, ಮಗು ಎದ್ದು ಅತ್ತಿತು, ನಾನು ಅದನ್ನು ಎತ್ತಿಕೊಂಡು ಒಳಗೆ ಹೋದೆ. ಗೋಡೆಯಾಚೆಯಿಂದ ಇಬ್ಬರ ದನಿಯೂ ಕೇಳುತ್ತಿತ್ತು. ಒಂದೇ ದನಿ ಕೇಳಿಸಿದ್ದರೆ ನನಗೆ ಭಯವಾಗುತ್ತಿತ್ತು. ಅವರು ಏನು ತೀರ್ಮಾನಿಸಿದರು ಎನ್ನುವುದು ಅವರ ಸಂಸಾರದ ವಿಷಯ, ಇಲ್ಲಿ ಬರೆಯುವುದಿಲ್ಲ. ಆದೇಶದ ಕಾಗದ ಈ ಸಲ ಬೀರುವಿಗೆ ಹೋಗಲಿಲ್ಲ ಎಂದಷ್ಟೇ ಹೇಳಬಲ್ಲೆ.

ಆದ್ದರಿಂದ ಮಹಿಳಾ ಸಮಾಜದ ಗೆಳತಿಯರೇ, ಆ ಕುಡುಕರ ಹಾಡನ್ನು ನೀವು ಇಷ್ಟಪಡಲೇಬೇಕೆಂದು ನನ್ನ ಹಠವಿಲ್ಲ. ಆದರೆ ಬರುವ ಹಬ್ಬದ ದಿನ ನಿಮ್ಮ ಮಗಳೋ ಸೊಸೆಯೋ ಸೌಟು ಕೆಳಗಿಟ್ಟು ಬಾಯಿ ತೆರೆದರೆ, ದಯವಿಟ್ಟು ತಡೆಯಬೇಡಿ. ಒಬ್ಬಟ್ಟು ತಣ್ಣಗಾದರೆ ಮತ್ತೆ ಬಿಸಿ ಮಾಡಬಹುದು.